ಏಳು ಕಣ್ಣಿನ ಬಾಗಿಲು

ಬೆಳಗಿನ ಐದೂವರೆಗೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಶುರುವಾಗುತ್ತದೆ. ಮೊದಲು ಗೊಣಗುತ್ತದೆ, ಆಮೇಲೆ ಹಲ್ಲು ಕಡಿಯುತ್ತದೆ. ದೊಡ್ಡ ಗಡ್ಡೆಯೊಂದು ಅದರ ಬಾಯಿಗೆ ಬಿದ್ದಾಗ ಓಣಿಯ ಕಿಟಕಿಗಳೆಲ್ಲ ಒಮ್ಮೆ ನಡುಗಿ ಸುಮ್ಮನಾಗುತ್ತವೆ. ಮೀನುದೋಣಿಗಳು ಬಂದು ನಿಲ್ಲುವ ಧಕ್ಕೆಯ ಹಿಂದಿನ ಈ ಓಣಿಯಲ್ಲಿ ಯಾರೂ ಗಡಿಯಾರಕ್ಕೆ ಅಲಾರಂ ಇಡುವುದಿಲ್ಲ. ಯಂತ್ರಕ್ಕೆ ರಜೆಯಿದ್ದ ದಿನ ಓಣಿಗೆ ಓಣಿಯೇ ತಡವಾಗಿ ಏಳುತ್ತದೆ.

ಆ ಸದ್ದಿಗೆ ಮೊದಲು ಕಣ್ಣು ಬಿಡುವವನು ಗಂಟಣ್ಣ. ತಂಗಿಯ ಮನೆಯ ಮಹಡಿಯಲ್ಲಿ ಅವನಿಗೊಂದು ಕೋಣೆ. ಒಂದು ಮಂಚ, ಒಂದು ಕಿಟಕಿ, ಗೋಡೆಯ ಮೊಳೆಗೆ ಎರಡು ಅಂಗಿ. ಐವತ್ತೇಳು ದಾಟಿದೆ, ಮದುವೆಯಾಗಲಿಲ್ಲ. ಬಲೆಗೆ ಗಂಟು ಹಾಕುವವನಾದ್ದರಿಂದ ಈ ಹೆಸರು ಬಂತೆಂದು ಅವನು ಹೇಳುತ್ತಾನೆ. ಅಲ್ಲ, ಬೆಳಗೆದ್ದ ಕೂಡಲೇ ಗಂಟಿಕ್ಕಿಕೊಳ್ಳುವ ಆ ಮುಖದಿಂದ ಬಂತು ಎಂದು ತಂಗಿ ಹೇಳುತ್ತಾಳೆ. ಓಣಿಯವರು ಇಬ್ಬರ ಮಾತನ್ನೂ ಒಪ್ಪುತ್ತಾರೆ.

ಮೀನುಗಾರರ ಮನೆಯಲ್ಲಿ ಹುಟ್ಟಿದರೂ ಅವನಿಗೆ ಕಡಲು ಆಗಿಬರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪ ಮೊದಲ ಸಲ ದೋಣಿಗೆ ಹತ್ತಿಸಿಕೊಂಡಾಗ, ದಡ ಕಣ್ಮರೆಯಾಗುವ ಮೊದಲೇ ಕರುಳು ಬಾಯಿಗೆ ಬರುವ ಹಾಗೆ ಕಾರಿಕೊಂಡ. ಎರಡನೆಯ ಸಲವೂ ಅದೇ, ಹತ್ತನೆಯ ಸಲವೂ ಅದೇ. ಕೊನೆಗೆ ಅಪ್ಪ, "ನಿನ್ನ ಹೊಟ್ಟೆ ದಡದ್ದು, ನೀನು ದಡದಲ್ಲೇ ಇರು," ಎಂದು ಕೈಗೆ ಬಲೆಸೂಜಿ ಕೊಟ್ಟು ಕೂರಿಸಿದ. ಮೀನು ಹಿಡಿಯುವುದೊಂದನ್ನು ಬಿಟ್ಟು ಬಲೆಯ ಬಗ್ಗೆ ಗೊತ್ತಿರಬೇಕಾದ್ದೆಲ್ಲವನ್ನೂ ಅವನು ಆ ಸೂಜಿಯಿಂದಲೇ ಕಲಿತ.

ಅಪ್ಪ ಕಲಿಸಿದ್ದರಲ್ಲಿ ಒಂದು ಸಣ್ಣ ಸಂಗತಿಯಿತ್ತು. ಬಲೆಯ ಕೊನೆಗೆ ಮೀನು ಬಂದು ಸೇರುವ ಚೀಲವಿರುತ್ತದೆ. ಅದರ ಅಡಿಭಾಗದಲ್ಲಿ, ನೆಲಕ್ಕೆ ತಾಗುವ ಕಡೆ, ಏಳು ಕಣ್ಣುಗಳನ್ನು ಬಿಚ್ಚಿ ಒಂದು ಮಾಡಿ, ಅಂಚಿಗೆ ದಪ್ಪ ದಾರದಿಂದ ಚೌಕಟ್ಟು ಕಟ್ಟಬೇಕು. ಮನೆಯಲ್ಲಿ ಅದಕ್ಕೆ ಮರಿಬಾಗಿಲು ಎನ್ನುತ್ತಿದ್ದರು. ಚಪ್ಪಟೆ ಮೀನಿನ ಮರಿಗಳು ಮರಳಿಗೆ ಮೈ ಅಂಟಿಸಿಕೊಂಡೇ ಸಾಗುತ್ತವೆ. ಬಲೆಗೆ ಸಿಕ್ಕರೂ ಅಡಿಯನ್ನು ತಡಕುತ್ತ ಹೋಗಿ ಆ ಬಾಗಿಲಿನಿಂದ ಹೊರಬೀಳುತ್ತವೆ. ಮೇಲೆ ಈಜುವ ಮೀನುಗಳಿಗೆ ಅದು ಕಾಣುವುದೇ ಇಲ್ಲ. ಯಾಕೆ ಎಂದು ಗಂಟಣ್ಣ ಅಪ್ಪನನ್ನು ಕೇಳಲಿಲ್ಲ. ಅಂಗಿಗೆ ತೋಳು ಯಾಕೆ ಎಂದು ಯಾರಾದರೂ ಕೇಳುತ್ತಾರೆಯೇ?

ಹತ್ತೊಂಬತ್ತು ವರ್ಷಗಳ ಹಿಂದೆ ವಿಶ್ವವಿದ್ಯಾಲಯದವರು ಕಡಲಿನ ಪಕ್ಕದಲ್ಲೇ ಎರಡಂತಸ್ತಿನ ಅಧ್ಯಯನ ಕೇಂದ್ರ ಕಟ್ಟಿದರು. ಕಡಲು ಒಂದೇ ವಿದ್ಯೆಯ ಕೈಗೆ ಸಿಗುವಂಥದ್ದಲ್ಲ; ನೀರನ್ನು ಅಳೆಯುವವರು, ಮೀನನ್ನು ಎಣಿಸುವವರು, ದಡದ ಜನರನ್ನು ಮಾತಾಡಿಸುವವರು ಎಲ್ಲರೂ ಒಂದೇ ಸೂರಿನಡಿ ಕೂರಬೇಕು ಎಂಬುದು ಅದನ್ನು ಕಟ್ಟಿಸಿದ, ಈಗಲೂ ಅದರ ಮುಖ್ಯಸ್ಥರಾಗಿರುವ ದೊಡ್ಡಮೇಷ್ಟ್ರ ಹಟ. ಕೂತರು. ನೀರಿನವರು ಕೆಳಗೆ, ಮೆಟ್ಟಿಲು ಹತ್ತಿದರೆ ಎಡಕ್ಕೆ ಮೀನಿನವರು, ಬಲಕ್ಕೆ ಜನರ ವಿಭಾಗದವರು. ಎಲ್ಲರಿಗೂ ಸೇರಿ ಮಹಡಿಯ ತಿರುವಿನಲ್ಲಿ ಒಂದು ಚಹಾದ ಕೆಟಲ್ ಇತ್ತು, ಯಾರ ಸರದಿಯಲ್ಲಿ ಅದನ್ನು ತೊಳೆಯಬೇಕೆಂಬ ಪಟ್ಟಿ ಗೋಡೆಗೆ ಅಂಟಿತ್ತು. ಆ ಪಟ್ಟಿಯ ವಿಷಯದಲ್ಲಿ ಮೂರೂ ವಿಭಾಗದವರು ಕೂತು ಗಂಟೆಗಟ್ಟಲೆ ಚರ್ಚಿಸಿದ್ದುಂಟು.

ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ ಗಂಟಣ್ಣನದು. ಕೇಂದ್ರದ ಬಲೆಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಗೋಡೆಯುದ್ದಕ್ಕೂ ಕೊಕ್ಕೆಗಳು, ಕೊಕ್ಕೆಗಳಿಗೆ ದಾರದ ಉಂಡೆಗಳು, ಕಿಟಕಿಯ ಬದಿಗೆ ಒಂದು ಮೋಟು ಸ್ಟೂಲು. ಮೇಲೆ ಯಾರಾದರೂ ಮೆಟ್ಟಿಲು ಇಳಿದರೆ ತಲೆಯ ಮೇಲೇ ನಡೆದಂತೆ ಕೇಳುತ್ತದೆ. ನಡಿಗೆಯಿಂದಲೇ ಯಾರು ಎಂದು ಅವನು ಹೇಳಬಲ್ಲ.

ಒಂಬತ್ತು ವರ್ಷದ ಹಿಂದೆ ಒಳಕೊಲ್ಲಿಯ ಸಮೀಕ್ಷೆ ಶುರುವಾಯಿತು. ತಿಂಗಳಿಗೊಮ್ಮೆ ಕೇಂದ್ರದ ದೋಣಿ ಹೋಗಿ, ಗೊತ್ತುಮಾಡಿದ ಆರು ಜಾಗಗಳಲ್ಲಿ ಬಲೆ ಎಳೆದು, ಸಿಕ್ಕಿದ್ದನ್ನೆಲ್ಲ ಎಣಿಸುತ್ತದೆ. ಅದಕ್ಕೆಂದು ಕಾರ್ಖಾನೆಯಿಂದ ಸಣ್ಣ ಕಣ್ಣಿನ ನಾಲ್ಕು ಹೊಸ ಬಲೆಗಳು ಬಂದವು. ಗಂಟಣ್ಣ ಅವನ್ನು ಬಿಡಿಸಿ ನೋಡಿದ. ಕೆಲಸ ಚೆನ್ನಾಗಿತ್ತು, ಆದರೆ ಬಾಗಿಲೇ ಇರಲಿಲ್ಲ. ಕಾರ್ಖಾನೆಯವರಿಗೆ ಏನು ಗೊತ್ತಾಗಬೇಕು ಎಂದುಕೊಂಡು, ಆ ಸಂಜೆಯೇ ನಾಲ್ಕಕ್ಕೂ ಏಳೇಳು ಕಣ್ಣು ಬಿಚ್ಚಿ ಮರಿಬಾಗಿಲು ಕಟ್ಟಿದ. ಆಮೇಲೆ ಚೀಲ ಹರಿದು ಬದಲಾದಾಗಲೆಲ್ಲ ಹಾಗೇ ಮಾಡುತ್ತ ಬಂದ. ಬಲೆ ಹೊರಗೆ ಹೋಗುತ್ತಿತ್ತು, ಒದ್ದೆಯಾಗಿ ಬರುತ್ತಿತ್ತು. ಕಡಲಿಗೆ ಹೋಗದವನಿಗೆ ಅಲ್ಲಿ ಅದರಿಂದ ಏನು ಮಾಡುತ್ತಾರೆ ಎಂಬುದು ಗೊತ್ತಿದ್ದದ್ದು ಅಷ್ಟಕ್ಕಷ್ಟೆ.

ಈ ವರ್ಷದ ಒಂದು ಸೋಮವಾರ, ಮಾತಿನ ಮೇಡಂ ಅವನ ತಂಗಿಯ ಮನೆಗೆ ಬಂದರು. ಅವರು ಜನರ ವಿಭಾಗದವರು; ಯಾರನ್ನಾದರೂ ಮಾತಿಗೆ ಕೂರಿಸಿಕೊಂಡು ಪುಸ್ತಕ ತುಂಬಿಸುವುದೇ ಅವರ ಕೆಲಸವಾದ್ದರಿಂದ ಧಕ್ಕೆಯವರು ಇಟ್ಟ ಹೆಸರು ಅದು. ಕೇಂದ್ರಕ್ಕೆ ಸೇರಿ ಇನ್ನೂ ಆರು ತಿಂಗಳು. ತಂಗಿ ಜಗಲಿಯ ಮೇಲೆ ಮೀನಿನ ಬುಟ್ಟಿ ತೊಳೆಯುತ್ತಲೇ ಉತ್ತರ ಕೊಟ್ಟಳು.

"ಬಲೆ ನೋಡಿದ್ರೆ ಯಾರ ಮನೇದು ಅಂತ ಗೊತ್ತಾಗುತ್ತಾ ಅಕ್ಕ?"

"ಗೊತ್ತಾಗದೆ ಏನು. ನಮ್ಮದಾದ್ರೆ ಚೀಲದ ಅಡಿಗೆ ಮರಿಬಾಗಿಲು ಇರುತ್ತೆ. ಏಳು ಕಣ್ಣಿಂದು. ಚಪ್ಪಟೆ ಮರಿ ಆಚೆ ಹೋಗ್ಲಿ ಅಂತ. ಅಪ್ಪ ಹಾಗೆ ಕಟ್ತಿದ್ದ, ಈಗ ನಮ್ಮಣ್ಣ ಕಟ್ತಾನೆ."

"ಎಲ್ಲ ಬಲೆಗೂನಾ?"

"ಬಾಗಿಲು ಇಲ್ದೆ ಕಟ್ಟೋಕೆ ಅವನಿಗೆ ಬರೋದೇ ಇಲ್ಲ ಬಿಡಿ."

ಮೇಡಂ ಅದನ್ನು ನಲವತ್ತೊಂದನೆಯ ಪುಟದಲ್ಲಿ ಬರೆದು, ಇಷ್ಟವಾದ್ದರಿಂದ ಎರಡು ಗೆರೆ ಎಳೆದರು. ಆಮೇಲೆ, ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ ಎನಿಸಿ, ಶುಕ್ರವಾರ ಕೇಂದ್ರದ ವರದಿ ಸರ್ಕಾರಕ್ಕೆ ಹೋಗಲಿದೆ ಎಂಬುದನ್ನೂ ಅದರಲ್ಲಿ ಏನಿದೆ ಎಂಬುದನ್ನೂ ಹೇಳಿದರು. ತಂಗಿ ಬುಟ್ಟಿಯನ್ನು ಕೆಳಗಿಟ್ಟಳು.

ಗಂಟಣ್ಣನ ಕಿವಿಗೆ ಅದು ಬಿದ್ದದ್ದು ಬುಧವಾರ ಮಧ್ಯಾಹ್ನ. ತಂಗಿ ಎರಡು ದಿನ ಯಾರ ಹತ್ತಿರವೂ ಹೇಳದೆ ನುಂಗಿಕೊಂಡಿದ್ದಳು. ಅವತ್ತು ಅವನು ಊಟಕ್ಕೆ ಬಂದಾಗ ಭಾವನೂ ಮನೆಯಲ್ಲಿದ್ದ. ಭಾವನದು ಇಬ್ಬರು ಕೂರುವ ಸಣ್ಣ ದೋಣಿ, ಹೊರಗಡಲಿನ ಅಲೆಗೆ ಅದು ತಡೆಯುವುದಿಲ್ಲ. ಅವರ ಮನೆ ನಡೆಯುವುದು ಒಳಕೊಲ್ಲಿಯಿಂದ.

"ನಿಮ್ಮ ಕೇಂದ್ರದವರು ಕಣ್ಣಿಗೆ ಬಟ್ಟೆ ಕಟ್ಕೊಂಡು ಮೀನು ಹಿಡೀತಾರೇನು?" ತಂಗಿ ತಟ್ಟೆ ಇಡುತ್ತ ಕೇಳಿದಳು.

"ಯಾಕೆ, ಏನಾಯ್ತು?"

"ಒಂಬತ್ತು ವರ್ಷದಿಂದ ಒಳಕೊಲ್ಲೀಲಿ ಚಪ್ಪಟೆ ಮೀನಿನ ಮರಿ ಅಪರೂಪಕ್ಕೆ ಒಂದೆರಡು ಬಿಟ್ರೆ ಸಿಕ್ಕೇ ಇಲ್ವಂತೆ. ಮರಿ ಇಲ್ಲ ಅಂದ್ಮೇಲೆ ಸಂತಾನ ಹೋಯ್ತು ಅಂತ. ಅದಕ್ಕೆ ಸಣ್ಣ ದೋಣಿಗಳನ್ನ ಐದು ವರ್ಷ ಒಳಗೆ ಬಿಡಬಾರದು ಅಂತ ಬರೆದಿದ್ದಾರಂತೆ. ಶುಕ್ರವಾರ ಕಳಿಸ್ತಾರೆ."

ಭಾವ ನಕ್ಕ. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. "ದೋಣಿ ತಳ್ಳೋಕೆ ನೀರಿಗಿಳಿದ್ರೆ ಕಾಲಡೀಲಿ ಜಾರಿ ಜಾರಿ ಓಡ್ತವೆ. ಓದಿದವರನ್ನ ಕಂಡ್ರೆ ಮಾತ್ರ ನಾಚಿಕೊಳ್ತವೋ ಏನೋ."

ಗಂಟಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಯಾವ ಬಲೆ ಎಳೆದ್ರಂತೆ?"

"ನಿನ್ನ ಬಲೇನೇ ಎಳೀಬೇಕು. ಅಲ್ಲಿ ಇನ್ಯಾರು ಇದ್ದಾರೆ ಬಲೆ ಮಾಡೋರು?" ಎಂದ ತಂಗಿ, ಮಾತು ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದನ್ನು ಕೇಳಿಸಿಕೊಂಡಳು. "ಅಣ್ಣ," ಎಂದಳು ಮೆಲ್ಲಗೆ.

"ಏನು, ಅಣ್ಣ ತಂಗಿ ಮುಖ ಮುಖ ನೋಡ್ಕೊಳ್ತಿದೀರಿ," ಎಂದ ಭಾವ. "ನನಗೂ ಒಂಚೂರು ಹೇಳಿ."

ಹೇಳಿದರು. ಭಾವ ಈ ಸಲ ನಗಲಿಲ್ಲ. ನೀರಿನ ಲೋಟವನ್ನು ತಿರುಗಿಸುತ್ತ ಕೂತ.

"ಹೋಗಿ ಹೇಳಿಬಿಡು," ಎಂದಳು ತಂಗಿ.

"ಒಂಬತ್ತು ವರ್ಷದ ಲೆಕ್ಕ ಕೆಡಿಸಿದವನು ನಾನೇ ಅಂತ ಹೇಳೋದಾ? ನಾಳೆಯಿಂದ ಬರಬೇಡ ಅಂತಾರೆ."

ತಂಗಿ ಗಂಡನ ಕಡೆ ಕೈ ತೋರಿಸಿದಳು. "ಹೇಳದಿದ್ರೆ ಇವರಿಗೆ ಹೇಳ್ತಾರೆ, ನಾಳೆಯಿಂದ ಬರಬೇಡ ಅಂತ."

ಊಟ ಅಲ್ಲಿಗೆ ಮುಗಿಯಿತು. ಗಂಟಣ್ಣ ಕೆಲಸಕ್ಕೆ ಮರಳಿ ಬಂದು ನಾಲ್ಕು ಬಲೆಗಳಲ್ಲಿ ಒಂದನ್ನು ಇಳಿಸಿ ತೊಡೆಯ ಮೇಲೆ ಹರವಿಕೊಂಡ. ಬಾಗಿಲಿನೊಳಗೆ ಮೂರು ಬೆರಳು ಸರಾಗವಾಗಿ ಹೋದವು. ಯಾರಿಗೂ ತಿಳಿಯದಂತೆ ಮುಚ್ಚಿಬಿಡಬಹುದಿತ್ತು. ಮುಂದಿನ ಸಲ ಎಳೆದಾಗ ಮರಿ ಸಿಗುತ್ತಿದ್ದವು; ಮರಿಗಳು ವಾಪಸು ಬಂದವು ಎಂದು ಎಲ್ಲರೂ ಖುಷಿಪಡುತ್ತಿದ್ದರು; ಯಾರ ಮೇಲೂ ಮಾತು ಬರುತ್ತಿರಲಿಲ್ಲ. ಅವನು ಸೂಜಿಗೆ ದಾರ ಸುತ್ತಿದ್ದೂ ಆಯಿತು. ಆದರೆ ಮುಂದಿನ ಎಳೆತಕ್ಕೆ ಇನ್ನೂ ಹನ್ನೊಂದು ದಿನವಿತ್ತು, ವರದಿ ಹೋಗಲು ಎರಡೇ ದಿನ. ಸೂಜಿಯನ್ನು ಮತ್ತೆ ಡಬ್ಬಿಗೆ ಹಾಕಿ, ಮನೆಗೆ ಹೋಗುವ ಹೊತ್ತಾಗುವವರೆಗೆ ಬೇರೊಂದು ಬಲೆಯ ಹಗ್ಗ ಬದಲಿಸುತ್ತ ಕೂತ.

ಗುರುವಾರ ಬೆಳಿಗ್ಗೆ ಮೆಟ್ಟಿಲು ಹತ್ತಿದ. ಚಹಾ ಕೆಟಲ್‌ನಿಂದ ಮೇಲಕ್ಕೆ ಅವನು ಅದುವರೆಗೆ ಹೋದದ್ದೇ ಇರಲಿಲ್ಲ.

ಎಡಗಡೆಯ ಕೋಣೆಯಲ್ಲಿ ಸ್ಟೀಲಿನ ಉದ್ದನೆ ಮೇಜು, ಗೋಡೆ ಪೂರಾ ಗಾಜಿನ ಬಾಟಲಿಗಳು, ಪ್ರತಿ ಬಾಟಲಿಗೂ ಚೀಟಿ. ಸಮೀಕ್ಷೆಯ ಮೀನು ಎಣಿಸುವವರು, ಕೇಂದ್ರದಲ್ಲೆಲ್ಲ ಎಣಿಕೆಯವರು ಎಂದೇ ಹೆಸರಾದವರು, ಒಂದು ತಟ್ಟೆಯ ಮೇಲೆ ಬಗ್ಗಿಕೊಂಡು ತುಟಿಯಲ್ಲೇ ಎಣಿಸುತ್ತಿದ್ದರು. ಮೂವತ್ತನಾಲ್ಕು ವರ್ಷದ ಆ ಸಂಶೋಧಕರ ಪದವಿ, ಒಂಬತ್ತು ವರ್ಷದ ದುಡಿಮೆ ಎರಡೂ ಈ ಸಮೀಕ್ಷೆಯ ಮೇಲೇ ನಿಂತಿದ್ದವು. ಕಾಲಿನ ಸದ್ದಿಗೆ ತಲೆಯೆತ್ತದೆ ಒಂದು ಕೈ ಎತ್ತಿದರು. ಗಂಟಣ್ಣ ಕಾದ.

"ಇನ್ನೂರ ಹನ್ನೊಂದು," ಎಂದು ಬರೆದುಕೊಂಡ ಮೇಲೆ ನೋಡಿದರು. "ಏನು ಗಂಟಣ್ಣ, ದಾರಿ ತಪ್ಪಿ ಬಂದ್ರಾ?"

"ಬಲೇಲಿ ಒಂದು ಬಾಗಿಲಿದೆ, ಸಾರ್. ಚೀಲದ ಅಡಿಗೆ."

"ಅದಾ? ಗೊತ್ತಲ್ಲ." ಎಣಿಕೆಯವರು ಎದ್ದು ಕಪಾಟಿನಿಂದ ಮೊದಲ ವರ್ಷದ ವರದಿಯನ್ನು ತೆಗೆದು ಪುಟ ಬಿಡಿಸಿದರು. ಬಲೆಯ ಚಿತ್ರವಿತ್ತು, ಅಚ್ಚುಕಟ್ಟಾಗಿ ಸ್ಕೇಲು ಹಿಡಿದು ಬರೆದದ್ದು. ಚೀಲದ ಅಡಿಯ ಚೌಕಕ್ಕೆ ಒಂದು ಬಾಣ, ಬಾಣದ ಹಿಂದೆ ‘ನೀರು ಹೊರಹೋಗುವ ಕಿಂಡಿ’ ಎಂದು ಬರಹ. "ನಾನೇ ಬರೆದಿದ್ದು. ಒಂದು ಗಂಟೂ ಬಿಟ್ಟಿಲ್ಲ ನೋಡಿ."

ಗಂಟಣ್ಣ ಚಿತ್ರವನ್ನು ನೋಡಿದ. ನಿಜಕ್ಕೂ ಚೆನ್ನಾಗಿತ್ತು.

"ನೀರು ಹೋಗೋಕೆ ಬಲೆ ತುಂಬ ಕಣ್ಣಿದೆ, ಸಾರ್. ಅದಕ್ಕೆ ಬೇರೆ ಬಾಗಿಲು ಯಾಕೆ?"

ಎಣಿಕೆಯವರ ಕಣ್ಣು ಚಿತ್ರದ ಮೇಲೆ ಹೋಯಿತು, ಆಮೇಲೆ ಬಾಟಲಿಗಳ ಗೋಡೆಯ ಮೇಲೆ. ಕುರ್ಚಿಯನ್ನು ಎಳೆದುಕೊಂಡು ಕೂತರು.

"ಮತ್ತೆ ಯಾಕೆ?"

"ಚಪ್ಪಟೆ ಮರಿ ಹೋಗೋಕೆ."

ಹೊರಗೆ ಕೆಟಲ್ ಕುದಿಯುವ ಸದ್ದು ಕೇಳುತ್ತಿತ್ತು.

"ಎಷ್ಟು ದಿನದಿಂದ ಇದೆ?"

"ಮೊದಲನೇ ದಿನದಿಂದ. ನಾಲ್ಕಕ್ಕೂ."

"ಒಂದು ಮಾತು ಹೇಳೋದಲ್ವಾ ಮಾರಾಯ್ರೆ. ಒಂಬತ್ತು ವರ್ಷ ನನ್ನ ಕಾಲ ಕೆಳಗೇ ಕೂತಿದ್ರಿ."

"ಹೇಳೋ ಮಾತು ಅಂತ ಗೊತ್ತಿರ್ಲಿಲ್ಲ, ಸಾರ್. ನೀವೂ ಒಂಬತ್ತು ವರ್ಷ ನನ್ನ ತಲೆ ಮೇಲೆ ಓಡಾಡಿದ್ರಿ." ಅವನ ದನಿಯಲ್ಲಿ ಎದುರುತ್ತರದ ಖಾರವೇನೂ ಇರಲಿಲ್ಲ. ಮೆಟ್ಟಿಲಿನ ಸದ್ದು ನೆನಪಾಗಿ ಹೇಳಿದ ಹಾಗಿತ್ತು.

ಮಾತಿನ ಮೇಡಂ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲಿಂದ ಕೇಳಿಸಿಕೊಂಡರೋ, ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ತಮ್ಮ ಕೋಣೆಗೆ ಹೋಗಿ ನೋಟ್‌ಬುಕ್ ತಂದು, ನಲವತ್ತೊಂದನೆಯ ಪುಟ ತೆರೆದು ಎಣಿಕೆಯವರ ಮುಂದಿಟ್ಟರು.

"ಸೋಮವಾರದಿಂದ ನನ್ನ ಹತ್ರ ಇದೆ ಇದು," ಎಂದರು. "ನಿಮ್ಮ ಬಲೆಗಳು ಅಂಗಡಿಯಿಂದ ಹಾಗೇ ಬರ್ತವೆ ಅಂದ್ಕೊಂಡಿದ್ದೆ."

ಎಣಿಕೆಯವರು ಎರಡು ಗೆರೆ ಎಳೆದ ಸಾಲನ್ನು ಓದಿದರು. ಆಮೇಲೆ ಎದುರಿನ ಕೋಣೆಯ ಬಾಗಿಲಿನವರೆಗೆ ಕಣ್ಣಲ್ಲೇ ಅಳೆದರು. "ಆರು ಹೆಜ್ಜೆ ಇದೆ ಮೇಡಂ," ಎಂದರು. "ಎಣಿಸಿ ಬೇಕಾದ್ರೆ."

ದೊಡ್ಡಮೇಷ್ಟ್ರಿಗೆ ಹೇಳಿದಾಗ ಅವರು ಯಾರನ್ನೂ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ವರದಿಯಲ್ಲಿದ್ದ ಚಿತ್ರದ ಕೆಳಗೆ ಅವರ ಸಹಿಯೂ ಇತ್ತು. "ನಾನೂ ಅದನ್ನ ನೀರಿನ ಕಿಂಡಿ ಅಂತಲೇ ಓದಿದೆ," ಎಂದರು. ಶುಕ್ರವಾರ ವರದಿ ಹೋಗುವುದಿಲ್ಲ ಎಂದು ಫೋನು ಮಾಡಿ ತಿಳಿಸಿದರು. ಆಮೇಲೆ ಗಂಟಣ್ಣನ ಕಡೆ ತಿರುಗಿದರು.

"ಎರಡು ಬಲೆ ಎಳೆಯೋಣ. ಒಂದು ಇದ್ದ ಹಾಗೇ ಇರ್ಲಿ, ಇನ್ನೊಂದಕ್ಕೆ ಬಾಗಿಲು ಮುಚ್ಚಿ. ಒಂದೇ ದಿನ, ಒಂದೇ ಜಾಗ. ಎರಡರಲ್ಲೂ ಮರಿ ಇಲ್ಲ ಅಂದ್ರೆ ವರದಿ ಹೀಗೇ ಹೋಗುತ್ತೆ, ನಾನೇನೂ ಮಾಡೋಕಾಗಲ್ಲ. ನೀವೂ ದೋಣೀಲಿ ಬರಬೇಕು."

"ನನಗೆ ಕಡಲು ಆಗಿಬರಲ್ಲ, ಸಾರ್."

"ನನಗೂ ಇವತ್ತು ಏನೂ ಆಗಿಬರ್ತಿಲ್ಲ. ಸೋಮವಾರ ಏಳು ಗಂಟೆಗೆ."

ಒಂದು ಬಾಗಿಲು ಮುಚ್ಚುವುದು ಹತ್ತು ನಿಮಿಷದ ಕೆಲಸ. ಗಂಟಣ್ಣ ಅದಕ್ಕೆ ಶುಕ್ರವಾರದ ಮಧ್ಯಾಹ್ನ ಪೂರ್ತಿ ತೆಗೆದುಕೊಂಡ. ಮೊದಲ ಗಂಟು ಸಡಿಲಾಯಿತೆಂದು ಬಿಚ್ಚಿದ, ಸಡಿಲಾಗಿರಲಿಲ್ಲ. ಕೊನೆಯ ಕಣ್ಣನ್ನು ಕಟ್ಟಿದ ಮೇಲೆ ಬೆರಳಿನಿಂದ ತಳ್ಳಿ ನೋಡಿದ, ಹೋಗಲಿಲ್ಲ. ಅವತ್ತು ಮನೆಯಲ್ಲಿ ತಂಗಿ ಏನನ್ನೂ ಕೇಳಲಿಲ್ಲ. ಕೇಳದೇ ಇರುವುದು ಅವಳಿಗೆ ಸುಲಭದ ಕೆಲಸವಲ್ಲ.

ಸೋಮವಾರ ಕಡಲು ಶಾಂತವಾಗಿತ್ತು ಎಂದು ದೋಣಿಯ ಚಾಲಕ ಆಮೇಲೆ ಎಲ್ಲರಿಗೂ ಹೇಳಿದ. ಗಂಟಣ್ಣ ಧಕ್ಕೆ ಬಿಟ್ಟ ಕಾಲು ಗಂಟೆಗೇ ದೋಣಿಯಂಚಿನ ಕಟಕಟೆ ಹಿಡಿದು ಕಾರಿಕೊಂಡ. "ಇನ್ನೂ ಒಳಕೊಲ್ಲಿ ಮುಟ್ಟಿಲ್ಲ ಗಂಟಣ್ಣ, ಸ್ವಲ್ಪ ಉಳಿಸ್ಕೊಳ್ಳಿ," ಎಂದು ಚಾಲಕ ಕೂಗಿದ. ಮಾತಿನ ಮೇಡಂ ಅವನಿಗೆ ನೀರು ಕೊಟ್ಟರು. ಅವರು ಮೀನಿನವರ ದೋಣಿ ಹತ್ತಿದ್ದು ಅದೇ ಮೊದಲು.

ಮೊದಲು ಬಾಗಿಲಿದ್ದ ಬಲೆ. ಇಪ್ಪತ್ತು ನಿಮಿಷ ಎಳೆದು, ಮೇಲೆತ್ತಿ, ಚೀಲವನ್ನು ಮೇಜಿನ ಮೇಲೆ ಬಿಚ್ಚಿದರು. ಎಣಿಕೆಯವರು ಒಂದೊಂದನ್ನೇ ಬದಿಗೆ ಸರಿಸಿದರು. ಚಪ್ಪಟೆ ಮರಿ ಎರಡು. ಅವರು ಬರೆದುಕೊಂಡರು, ಬರೆಯುವಾಗ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಮುಚ್ಚಿದ ಬಲೆ. ಅದೇ ಜಾಗ, ಅದೇ ಇಪ್ಪತ್ತು ನಿಮಿಷ. ಗಂಟಣ್ಣ ಕಟಕಟೆ ಬಿಟ್ಟು ಬಂದು ಮೇಜಿನ ತುದಿಗೆ ನಿಂತ. ತಂಗಿಯ ಮನೆಯ ಜಗಲಿ, ಬುಟ್ಟಿಗಳು, ಭಾವ ಲೋಟ ತಿರುಗಿಸುತ್ತ ಕೂತದ್ದು ಎಲ್ಲ ಆ ಚೀಲದೊಳಗಿದ್ದಂತೆ ಅವನು ಅದನ್ನೇ ನೋಡುತ್ತಿದ್ದ. ಚೀಲ ಬಿಚ್ಚಿದಾಗ ಮೊದಲು ಕಸ ಬಿತ್ತು, ಏಡಿಗಳು ಬಿದ್ದವು, ಬೆಳ್ಳನೆಯ ಸಣ್ಣ ಮೀನು ಬಿದ್ದವು. ಕೊನೆಗೆ, ಚೀಲದ ಅಡಿಯ ಮೂಲೆಯಿಂದ, ಒಂದರ ಮೇಲೊಂದು ಅಂಟಿಕೊಂಡಿದ್ದ ಮರಳಿನ ಬಣ್ಣದ ತೆಳ್ಳನೆಯ ಮರಿಗಳು. ಬೆರಳುದ್ದದವು, ಎರಡೂ ಕಣ್ಣು ಒಂದೇ ಕಡೆ. ಮುಚ್ಚಿದ ಏಳು ಕಣ್ಣುಗಳಿಗೆ ಸರಿಯಾಗಿ ಅಲ್ಲೇ ಬಂದು ನಿಂತಿದ್ದವು.

ಎಣಿಕೆಯವರು ಅವನ್ನು ಒಂದೊಂದಾಗಿ ಎತ್ತಿ ಕಡಲ ನೀರು ತುಂಬಿದ ತೊಟ್ಟಿಗೆ ಬಿಟ್ಟರು. ಈ ಸಲ ಗಟ್ಟಿಯಾಗಿಯೇ ಎಣಿಸಿದರು. "ಮೂವತ್ತೊಂದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಣಿಕೆಯವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಸಂಖ್ಯೆಯ ಪಕ್ಕ ಏನೋ ಬರೆದು, ಕಡಲ ಕಡೆ ತಿರುಗಿ ನಿಂತರು. ಒಂಬತ್ತು ವರ್ಷದ ಕೆಲಸ ಹೋದದ್ದು ಆ ಸಂಖ್ಯೆಯಲ್ಲಿತ್ತು. ಅದನ್ನು ಅವರೇ ಗಟ್ಟಿಯಾಗಿ ಹೇಳಿಯಾಗಿತ್ತು.

"ಹಳೇ ವರದಿ ಮುಗಿದ ಕತೆ," ಎಂದರು ದೊಡ್ಡಮೇಷ್ಟ್ರು. "ಸಣ್ಣ ದೋಣಿಗಳು ಸದ್ಯಕ್ಕೆ ಹೇಗಿವೆಯೋ ಹಾಗೇ ಇರ್ಲಿ ಅಂತ ಬರೀತೀನಿ. ಮರಿ ಇವೆ, ಆದ್ರೆ ಸಾಕಷ್ಟಿವೆಯಾ ಅಂತ ಇನ್ನೂ ಗೊತ್ತಿಲ್ಲ. ಒಂದು ವರ್ಷ ಹೊಸದಾಗಿ ಎಣಿಸಬೇಕು. ಗಂಟಣ್ಣ, ನಾಲ್ಕೂ ಬಲೆಗೆ ಬಾಗಿಲು ಮುಚ್ಚಿಕೊಡಿ. ನಿಮ್ಮ ಕೆಲಸಕ್ಕೇನೂ ತೊಂದರೆಯಿಲ್ಲ, ಆ ಯೋಚನೆ ಬೇಡ."

ಗಂಟಣ್ಣ ತಲೆಯಾಡಿಸಿದ. ಎಣಿಕೆಯವರು ದೊಡ್ಡ ಬಾಯಿಯ ಬಾಟಲಿಯೊಂದನ್ನು ಹೊರತೆಗೆದರು, ಅದರ ಮುಚ್ಚಳ ತೆಗೆದ ಕೂಡಲೇ ಕಣ್ಣುರಿಯುವ ವಾಸನೆ ಬಂತು.

"ಅದ್ಯಾಕೆ, ಸಾರ್?"

"ಮರಿಗಳನ್ನ ಹಾಕಿಡೋಕೆ. ಪುರಾವೆ ಬೇಕಲ್ಲ."

"ಪುರಾವೆಗೆ ಎಷ್ಟು ಬೇಕು?"

ಎಣಿಕೆಯವರು ಯೋಚಿಸಿದರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. "ಐದಾರು ಇದ್ರೂ ಸಾಕು," ಎಂದರು ಕೊನೆಗೆ. "ಆದ್ರೆ ಎಲ್ಲಾನೂ ಇಡೋದು ರೂಢಿ."

ತೊಟ್ಟಿಯಲ್ಲಿ ಎಂಟು ಮರಿಗಳು ಆಗಲೇ ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಂಟಣ್ಣ ಆ ಎಂಟನ್ನು ಬೆರಳಿನಿಂದ ಎತ್ತಿ ಬಾಟಲಿಯ ಪಕ್ಕದ ತಟ್ಟೆಯಲ್ಲಿ ಸಾಲಾಗಿ ಇಟ್ಟ. ಉಳಿದವು ತೊಟ್ಟಿಯ ತಳಕ್ಕೆ ಅಂಟಿ, ಅಂಚನ್ನು ತಡಕುತ್ತ ಸುತ್ತುತ್ತಿದ್ದವು.

"ಗಂಟಣ್ಣ, ಅದಕ್ಕೊಂದು ಕ್ರಮ ಇದೆ, ಸಮೀಕ್ಷೆಯ ಮಾದರಿಯನ್ನ ಹಾಗೆಲ್ಲ..." ದೊಡ್ಡಮೇಷ್ಟ್ರು ಶುರುಮಾಡಿದರು.

"ಬಾಗಿಲು ಮುಚ್ಚಿಕೊಡ್ತೀನಿ, ಸಾರ್, ತಂಗಿ ಮನೆ ಒಲೆ ಉರೀಬೇಕಲ್ಲ," ಎಂದ ಗಂಟಣ್ಣ, ತೊಟ್ಟಿಯ ಎರಡೂ ಕಿವಿ ಹಿಡಿದು ಎತ್ತಿಕೊಳ್ಳುತ್ತ. "ಆದ್ರೆ ಎಣಿಸಿ ಆದ್ಮೇಲೆ ಇವು ನಿಮ್ಮ ಲೆಕ್ಕದ್ದಲ್ಲ, ಇವನ್ನ ನಾನು ಪ್ರತಿ ಸಲಾನೂ ಬಂದು ಕಡಲಿಗೆ ಬಿಡ್ತೀನಿ," ಎನ್ನುತ್ತಲೇ, ನೀರು ತುಳುಕದ ಹಾಗೆ ಮೊಣಕಾಲು ಬಗ್ಗಿಸಿಕೊಂಡು, ಓಲಾಡುವ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಊರುತ್ತ ದೋಣಿಯ ಹಿಂಬದಿಗೆ ನಡೆದ.